ಓದುಗರ ಫೋನಿಗೆ ಗ್ರಂಥಾಲಯದ ಮೆಸೇಜ್

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರೇ ಇಲ್ಲಿ ಜಾಸ್ತಿ ಇದ್ದೀರಿ. ಹಾಗಾಗಿ ದೊಡ್ಡ ಯೂನಿವರ್ಸಿಟಿ ಲೈಬ್ರರಿಗಳ ಮಾತು ಬಿಡೋಣ. ಬಾಗಿಲು ತೆಗೆಯುವವರು, ಪುಸ್ತಕ ಕೊಡುವವರು, ರಿಜಿಸ್ಟರ್ ಬರೆಯುವವರು ಎಲ್ಲ ಒಬ್ಬರೇ ಆಗಿರುವ ಕಡೆ ಎಸ್ಸೆಮ್ಮೆಸ್, ವಾಟ್ಸಾಪ್ ಎಷ್ಟು ಉಪಯೋಗಕ್ಕೆ ಬರುತ್ತವೆ, ಅಷ್ಟೇ ಇವತ್ತಿನ ವಿಷಯ.

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಿ ಅನ್ನುವುದು. ಮೆಸೇಜ್ ಕಳಿಸುವ ಮೊದಲು ಅದನ್ನೇ ಕೇಳಿಕೊಳ್ಳಿ. ಇದರಿಂದ ಯಾರಿಗಾದರೂ ಒಂದು ಓಡಾಟ ತಪ್ಪುತ್ತದಾ? ಕೇಳಿದ ಪುಸ್ತಕ ಬಂತು, ನಾಳೆ ಬಾಗಿಲು ತೆರೆಯುವುದಿಲ್ಲ, ವಾಪಸು ಕೊಡುವ ದಿನ ಬಂತು. ಇವು ಕೆಲಸದ ಮೆಸೇಜ್‌ಗಳು. ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕಿ ಶುಭೋದಯ ಅಂದರೆ ಜನ ಮ್ಯೂಟ್ ಮಾಡುತ್ತಾರೆ. ಆಮೇಲೆ ಕೆಲಸದ ಮೆಸೇಜೂ ನೋಡುವುದಿಲ್ಲ.

ಕೀಪ್ಯಾಡ್ ಫೋನಿನ ಓದುಗರು ನಮ್ಮಲ್ಲಿ ಇನ್ನೂ ಇದ್ದಾರೆ, ಅವರಿಗೆ ಎಸ್ಸೆಮ್ಮೆಸ್ಸೇ ಗತಿ. ಇಲ್ಲೊಂದು ತೊಡಕಿದೆ. ಇಂಗ್ಲಿಷ್‌ನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ ಸಾಮಾನ್ಯವಾಗಿ ಯೂನಿಕೋಡ್ ಅನ್ನುವ ಅಕ್ಷರ ಸಂಕೇತ ಬಳಸುವುದರಿಂದ 70 ಮಾತ್ರ. ಅದೂ ಕೊಂಬು, ಗುಡಿಸು, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ‘ಪುಸ್ತಕ’ ಕಣ್ಣಿಗೆ ಮೂರಕ್ಷರ, ಫೋನಿನ ಲೆಕ್ಕದಲ್ಲಿ ಆರು! 70 ದಾಟಿದರೆ ಎರಡು ಮೆಸೇಜಿನ ದುಡ್ಡು. ನಮ್ಮ ಕಚೇರಿ ಭಾಷೆ ಇಲ್ಲಿ ಸಿಕ್ಕಿಬೀಳುತ್ತದೆ. “ಮಾನ್ಯ ಓದುಗರೇ, ತಾವು ಎರವಲು ಪಡೆದಿರುವ ಪುಸ್ತಕವನ್ನು ನಿಗದಿತ ಅವಧಿಯೊಳಗೆ ಹಿಂದಿರುಗಿಸಬೇಕಾಗಿ ಈ ಮೂಲಕ ಕೋರಲಾಗಿದೆ” ಅಂತ ಬರೆದರೆ, ‘ಹಿಂದಿರುಗಿಸಬೇಕಾಗಿ’ ಮುಗಿಯುವ ಮೊದಲೇ 70 ಖಾಲಿ. “ನೀವು ಕೇಳಿದ ಪುಸ್ತಕ ಬಂದಿದೆ. ಶನಿವಾರದೊಳಗೆ ಬಂದು ಪಡೆಯಿರಿ.” ಇದು 51ರಲ್ಲಿ ಮುಗಿಯುತ್ತದೆ. ಓದುವುದಕ್ಕೂ ಹಿತ, ಅಲ್ವಾ?

ಸಾವಿರಾರು ಜನಕ್ಕೆ ಒಟ್ಟಿಗೆ ಎಸ್ಸೆಮ್ಮೆಸ್ ಕಳಿಸಬೇಕಾದರೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಂತೆ ಕಳಿಸುವವರ ಹೆಸರು, ಮೆಸೇಜಿನ ಮಾದರಿ ಮೊದಲೇ ನೋಂದಾಯಿಸಬೇಕು. ಅದು ಮೇಲಿನ ಕಚೇರಿಗಳ ಕೆಲಸ, ನಿಮಗೆ ಬೇಡ.

ವಾಟ್ಸಾಪ್‌ಗೆ ಬರೋಣ. ಎಲ್ಲರೂ ಮೊದಲು ಮಾಡುವುದು ಗ್ರೂಪ್. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಸಿಗುತ್ತದೆ. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕರ) ಪರೀಕ್ಷೆಗೆ ಓದಲು ಬರುವ ಹುಡುಗಿಯ ನಂಬರ್ ಊರಿಗೆಲ್ಲ ಯಾಕೆ ಹೋಗಬೇಕು? ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದು ಲಿಸ್ಟಿಗೆ 256 ಜನ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ತಲುಪುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಹೋಗುತ್ತದೆ. ಕಾರ್ಡ್ ಕೊಡುವಾಗಲೇ, “ತೆಗೀರಿ ಫೋನ್, ಈ ನಂಬರ್ ಸೇವ್ ಮಾಡ್ಕೊಳ್ಳಿ” ಅನ್ನಿ. ಇನ್ನು, ಪುಸ್ತಕ ವಾಪಸು ಕೊಡದವರ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಲೇಬೇಡಿ. ಯಾರು ಏನು ಓದುತ್ತಾರೆ ಅನ್ನುವುದು ಅವರಿಗೂ ನಿಮಗೂ ಇರುವ ವಿಷಯ.

ನಿಜವಾದ ಲಾಭ ಪ್ರಶ್ನೆಗಳಲ್ಲಿದೆ. “ಸರ್, ಎಕ್ಸಾಮ್‌ಗೆ ಬುಕ್ ಇದ್ಯಾ?” ಅಂತ ಒಂದು ಸಾಲು ಬರುತ್ತದೆ. ಬರೀ “ಇದೆ, ಬನ್ನಿ” ಅಂದರೆ ಕೇಳಿದ ಹುಡುಗ ನಾಗಮಂಗಲ ಕಡೆಯ ಹಳ್ಳಿಯಿಂದ ಬಸ್ಸು ಹತ್ತಿ ಬಂದು, ತನಗೆ ಬೇಕಾದ್ದು ಇಲ್ಲ ಅಂತ ಬರಿಗೈಲಿ ವಾಪಸು ಹೋದಾನು. ತಿರುಗಿ ಕೇಳಿ: ಯಾವ ಪರೀಕ್ಷೆ? ಕನ್ನಡ ಮಾಧ್ಯಮವಾ? ಯಾವ ವಿಷಯ? ಆಮೇಲೆ ಪುಸ್ತಕದ ರಕ್ಷಾಪುಟ, ಪರಿವಿಡಿ ಎರಡರ ಫೋಟೋ ಕಳಿಸಿ. ನೋಡಿ ಅವನೇ ತೀರ್ಮಾನ ಮಾಡುತ್ತಾನೆ. ಪೂರ್ತಿ ಪುಸ್ತಕದ ಪಿಡಿಎಫ್ ಕೇಳುವವರೂ ಇರುತ್ತಾರೆ. ಹಕ್ಕುಸ್ವಾಮ್ಯ ಇರುವ ಪುಸ್ತಕವಾದರೆ ಖಂಡಿತ ಕಳಿಸಬೇಡಿ, 1957ರ ಕಾಯ್ದೆ ಇದೆ.

ರಾತ್ರಿ ಹನ್ನೊಂದಕ್ಕೂ ಉತ್ತರ ಕೊಡಬೇಕಾ ಅಂತ ನಿಮ್ಮಲ್ಲೇ ಯಾರೋ ಆಗಲೇ ಕೇಳಿದರು. ಬೇಡ. ಉತ್ತರ ಕೊಡುವ ಹೊತ್ತನ್ನು ಬಾಗಿಲ ಬೋರ್ಡಿನಲ್ಲೇ ಬರೆಯಿರಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಂಡರೆ, ನೀವಿಲ್ಲದಾಗ ತಾನೇ ಹೋಗುವ ಉತ್ತರವನ್ನು ಬರೆದಿಡಬಹುದು. “ನಾಳೆ ತಿಳಿಸುತ್ತೇವೆ” ಅಂತ ಅದು ಹೇಳಿದ ಮೇಲೆ ನಾಳೆ ತಿಳಿಸಲೇಬೇಕು, ಇಲ್ಲದಿದ್ದರೆ ಸುಮ್ನೆ ಇರುವುದೇ ವಾಸಿ. ಸಿಮ್ ಮಾತ್ರ ನಿಮ್ಮ ಸ್ವಂತದ್ದು ಬೇಡ, ಗ್ರಂಥಾಲಯಕ್ಕೇ ಒಂದು ಇರಲಿ. ನೀವು ಬದಲಾದರೂ ಓದುಗರ ನಂಬರ್‌ಗಳು, ಹಳೇ ಪ್ರಶ್ನೆಗಳು ಅಲ್ಲೇ ಉಳಿಯುತ್ತವೆ. ರೀಚಾರ್ಜ್ ದುಡ್ಡು ಯಾರು ಕೊಡಬೇಕು ಅನ್ನುವುದನ್ನು ಈಗಲೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಮಾತಾಡಿಕೊಳ್ಳಿ.