ತಲೆ ಚಿಕ್ಕದಾಗಿ ಹುಟ್ಟಿದ ಮಗು

ಆಕಾಶವಾಣಿ ಭದ್ರಾವತಿ ಕೇಳುಗರಿಗೆ ನಮಸ್ಕಾರ. ಅಡಿಕೆ ಸುಲಿಯುತ್ತಾ ಕೇಳುತ್ತಿರುವವರು ಕೈ ನಿಲ್ಲಿಸೋದು ಬೇಡ, ಕಿವಿ ಇತ್ತ ಕೊಟ್ಟರೆ ಸಾಕು.

ಹುಟ್ಟಿದ ಮಗುವಿನ ತಲೆಗೆ ನರ್ಸ್ ಟೇಪ್ ಸುತ್ತುತ್ತಾರೆ, ನೋಡಿದ್ದೀರಲ್ವಾ? ಮುಂದೆ ಹುಬ್ಬಿನ ಮೇಲೆ, ಹಿಂದೆ ತಲೆ ಜಾಸ್ತಿ ಉಬ್ಬಿರುವ ಕಡೆ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ 33ರಿಂದ 36 ಸೆಂಟಿಮೀಟರ್ ಬರುತ್ತದೆ. ತೀರಾ ಕಡಿಮೆ ಬಂತು ಅಂದರೆ ಮನೆಯಲ್ಲಿ ಮಾತು ಶುರು. ಗ್ರಹಣದ ದಿನ ಹೊರಗೆ ಬಂದಿದ್ದಳು, ಬೇಡ ಅಂದರೂ ಪಪ್ಪಾಯಿ ತಿಂದಳು, ಆ ಬನದ ದಾರಿಯಲ್ಲಿ ಹೋಗಬಾರದಿತ್ತು. ಎಲ್ಲ ದೂರೂ ಬಾಣಂತಿಗೆ. ಗಂಡನ ಸುದ್ದಿ ಅಲ್ಲಿ ಬರೋದೇ ಇಲ್ಲ.

ತಲೆ ಚಿಕ್ಕದಾಗಲು ಕಾರಣ ಹಲವು. ಬಸುರಿಗೆ ರುಬೆಲ್ಲಾದಂಥ ಸೋಂಕು ತಗುಲಿರಬಹುದು, ಹೆರಿಗೆ ಹೊತ್ತಿನಲ್ಲಿ ಮಗುವಿಗೆ ಉಸಿರು ಕಟ್ಟಿ ಆಮೇಲೆ ಮಿದುಳು ಬೆಳೆಯದೇ ಇರಬಹುದು. ಇನ್ನೊಂದು ಕಾರಣ ಜೀನ್, ಅಂದರೆ ಮೈ ಹೇಗೆ ಬೆಳೆಯಬೇಕು ಅಂತ ಕೋಶಗಳಲ್ಲಿ ಬರೆದಿಟ್ಟ ಸೂಚನೆ, ಅಪ್ಪ ಅಮ್ಮನಿಂದ ಬರುವಂಥದ್ದು. ಇವತ್ತಿನ ಮಾತು ಅದರದ್ದು.

ದೊಡ್ಡವರ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇವು ತಯಾರಾಗುವುದು ತಾಯಿ ಹೊಟ್ಟೆಯಲ್ಲೇ ಶುರುವಾಗುತ್ತದೆ. ಶುರುವಿನಲ್ಲಿ ಇರುವುದು ಕೆಲವೇ ಮೂಲಕೋಶ. ಅವು ಮೊದಲು ಒಂದು ಎರಡಾಗಿ, ಎರಡು ನಾಲ್ಕಾಗಿ ತಮ್ಮ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳಬೇಕು, ಆಮೇಲಷ್ಟೇ ನರಕೋಶ ಹುಟ್ಟಿಸಲು ಹೊರಡಬೇಕು. ಈ ಒಡೆಯುವಿಕೆ ಸರಿಯಾಗಿ ನಡೆಯಲು ಬೇಕಾದ ಜೀನ್‌ಗಳಲ್ಲಿ ಒಂದರ ಹೆಸರು ಎಎಸ್‌ಪಿಎಂ. 2002ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಸಂಶೋಧಕರು ಇದನ್ನು ಗುರುತಿಸಿದರು. ಇದು ಕೆಟ್ಟಿದ್ದರೆ ಮೂಲಕೋಶಗಳು ಸಾಕಷ್ಟು ಹೆಚ್ಚುವ ಮೊದಲೇ ನರಕೋಶಗಳಾಗಿ ಮುಗಿದುಹೋಗುತ್ತವೆ. ಬೀಜಕ್ಕೆಂದು ಇಟ್ಟ ಭತ್ತವನ್ನೂ ಮಿಲ್ಲಿಗೆ ಹಾಕಿಸಿ ಉಂಡ ಹಾಗೆ, ಮುಂದಿನ ಬೆಳೆ ಎಲ್ಲಿಂದ ಬರಬೇಕು ಹೇಳಿ.

ಹೀಗೆ ಹುಟ್ಟಿದ ಮಗುವಿನ ಮಿದುಳಿನ ಆಕಾರ ಹೆಚ್ಚು ಕಡಿಮೆ ಸರಿಯೇ ಇರುತ್ತದೆ, ಗಾತ್ರ ಮಾತ್ರ ಚಿಕ್ಕದು. ಮಾತು ತಡ, ಲೆಕ್ಕ, ಓದು ಕಷ್ಟ. ಆದರೆ ಇವರಲ್ಲಿ ಹೆಚ್ಚಿನವರು ನಡೆಯುತ್ತಾರೆ, ತಾವೇ ಊಟ ಮಾಡುತ್ತಾರೆ, ಮನೆಯವರನ್ನೆಲ್ಲ ಗುರುತು ಹಿಡಿಯುತ್ತಾರೆ. "ಇದಕ್ಕೇನೂ ತಿಳಿಯಲ್ಲ" ಅಂತ ಮಗುವಿನ ಎದುರೇ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಿಳಿಯುತ್ತದೆ ರೀ, ತಡವಾಗಿ ತಿಳಿಯುತ್ತದೆ ಅಷ್ಟೆ.

ಈಗ ದೂರಿನ ವಿಷಯಕ್ಕೆ ಬರೋಣ. ಈ ಜೀನ್ ನಮ್ಮೆಲ್ಲರಲ್ಲೂ ಎರಡೆರಡು ಪ್ರತಿ ಇರುತ್ತದೆ, ಒಂದು ಅಮ್ಮನದು, ಒಂದು ಅಪ್ಪನದು. ಒಂದು ಕೆಟ್ಟಿದ್ದರೂ ಇನ್ನೊಂದು ಸಂಭಾಳಿಸುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ತೊಂದರೆ. ಅಂದರೆ ಅಪ್ಪನ ಕಡೆಯಿಂದಲೂ ಒಂದು ಬಂದಿರಲೇಬೇಕು. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದಾಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಮೊದಲನೆಯದಕ್ಕೆ ಹಾಗಾಯಿತು, ಇನ್ನು ಮೂರಕ್ಕೆ ಭಯವಿಲ್ಲ ಅಂತ ಲೆಕ್ಕ ಹಾಕಬೇಡಿ, ಪ್ರತಿ ಸಲವೂ ಅದು ಹೊಸ ಲೆಕ್ಕ.

ಸಂಬಂಧದೊಳಗೆ ಕೊಟ್ಟು ತಂದರೆ ಇಂಥ ಜೋಡಿ ಸೇರುವುದು ಜಾಸ್ತಿ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ಕಾಲು ಭಾಗ ಜೀನ್ ಒಂದೇ, ಸೋದರತ್ತೆಯ ಮಗನಾದರೆ ಎಂಟರಲ್ಲಿ ಒಂದು ಭಾಗ. ತೋಟ ಮನೆಯಲ್ಲೇ ಉಳಿಯಲಿ ಅಂತ ಹಿರಿಯರು ಮಾಡಿದ್ದು, ಅವರನ್ನು ಬೈದು ಉಪಯೋಗವಿಲ್ಲ. ಹಾಗೆ ಮದುವೆಯಾದ ಬಹಳ ಜನರ ಮಕ್ಕಳು ಚೆನ್ನಾಗಿಯೇ ಇದ್ದಾರೆ. ಆದರೆ ಮನೆತನದಲ್ಲಿ ಈ ಮೊದಲು ಇಂಥ ಮಗು ಹುಟ್ಟಿದ್ದರೆ ಮುಚ್ಚಿಡದೆ ಹೇಳಿ, ಮದುವೆ ಮಾತುಕತೆಯ ಹೊತ್ತಿಗೇ ಹೇಳಿದರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಇಂಥ ಮಗು ಈಗಾಗಲೇ ಇದ್ದರೆ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ, ಅಂದರೆ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯ ವೈದ್ಯರಿಗೆ ತೋರಿಸಿ. ಮಾತಿನ ತರಬೇತಿ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಎರಡನೇ ಮಗು ಬೇಕು ಅನ್ನುವವರು ಬಸಿರಾಗುವ ಮೊದಲೇ ಜೀನ್ ಪರೀಕ್ಷೆಯ ಬಗ್ಗೆ ಕೇಳಿ. ಮೊದಲ ಮಗುವಿನಲ್ಲಿ ಕೆಟ್ಟಿರುವ ಜೀನ್ ಯಾವುದು ಅಂತ ಗೊತ್ತಾದರೆ, ಮುಂದಿನ ಬಸಿರಿನ ಮೂರನೇ ತಿಂಗಳಲ್ಲೇ ಪರೀಕ್ಷೆ ಮಾಡಿ ಹೇಳಲು ಬರುತ್ತದೆ. ಮಗುವನ್ನು ಕರೆದುಕೊಂಡು ತಾಯಿ ಕಾರ್ಡ್ ಹಿಡಿದು ಬರುವಾಗ ಗಂಡನೂ ಜೊತೆಗೆ ಬರಲಿ, ಅವರ ರಕ್ತವೂ ಬೇಕಾಗುತ್ತದೆ.