ಪತ್ತನಾಜೆಗೆ ಮೊದಲು ಕಾರಿನ ದಂಬೆ

ಎಲ್ಲರಿಗೂ ನಮಸ್ಕಾರ. ಪತ್ತನಾಜೆ ಅಂದರೆ ಮೇ ಕೊನೆಯ ವಾರ ಬರುವ, ಮಳೆಗಾಲದ ಹೊಸ್ತಿಲಿನ ದಿನ; ಅದಕ್ಕೆ ಮೊದಲು ಮುಗಿಸಬೇಕಾದ ಒಂದು ಕೆಲಸದ ಮಾತು ಇದು. ಕಾರಿನ ಸನ್‌ರೂಫ್, ಅಂದರೆ ಮಾಡಿನಲ್ಲಿರುವ ತೆರೆಯುವ ಗ್ಲಾಸು, ಸೋರುತ್ತದೆ ಅಂತ ಸಿಲಿಕಾನ್ ಟ್ಯೂಬು ತಂದಿಟ್ಟುಕೊಂಡವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ದಯವಿಟ್ಟು ಅದರ ಮೂತಿ ಕತ್ತರಿಸಬೇಡಿ. ಹತ್ತು ನಿಮಿಷ ಮಾತು ಕೇಳಿ, ಆಮೇಲೆ ನಿಮ್ಮ ಇಷ್ಟ.

ಈಗ 10 ಲಕ್ಷದ ಒಳಗಿನ ಕಾರಿಗೂ ಸನ್‌ರೂಫ್ ಬರುತ್ತದೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಎಲ್ಲಿ ನೋಡಿದರೂ ಉಂಟು. ಮಳೆ ಹಿಡಿದು ಎರಡು ವಾರ ಆಗುವಾಗ ಡ್ರೈವರನ ಕಾಲಡಿಯ ಮ್ಯಾಟು ಒದ್ದೆ, ಗ್ಲಾಸಿನ ಒಳಗೆಲ್ಲ ಮಂಜು, ಬಾಗಿಲು ತೆಗೆದರೆ ಹಳೆ ಗೋಣಿಯ ವಾಸನೆ. ಕೆಲವು ಕಾರಿನಲ್ಲಿ ಮೇಲಿನ ಲೈಟಿನ ಸಂದಿಯಿಂದಲೇ ತೊಟ್ಟು ತೊಟ್ಟಾಗಿ ಬೀಳುತ್ತದೆ. ಆಗ ಹತ್ತಿರ ಇದ್ದವರು ಹೇಳುವ ಮಾತು ಒಂದೇ: "ರಬ್ಬರ್ ಹೋಗಿದೆ ಮಾರಾಯ್ರೆ, ಸುತ್ತ ಸಿಲಿಕಾನ್ ಎಳೆದು ಬಿಡುವ." ಕಾರು ಹಾಳಾಗುವುದು ಶುರುವಾಗುವುದೇ ಅಲ್ಲಿಂದ.

ಗ್ಲಾಸಿನ ಸುತ್ತ ಇರುವ ರಬ್ಬರ್ ಬೀಡಿಂಗ್ ನೀರನ್ನು ಪೂರ್ತಿ ತಡೆಯಲಿಕ್ಕೆ ಇರುವಂಥದ್ದಲ್ಲ. ಗಾಳಿಯ ಸದ್ದು ತಗ್ಗಿಸುವುದು, ಹೆಚ್ಚಿನ ನೀರನ್ನು ಹೊರಗೇ ಜಾರಿಸುವುದು, ಅದರ ಕೆಲಸ ಅಷ್ಟೇ. ಮಿಕ್ಕ ನೀರು ಒಳಗೆ ಇಳಿದೇ ಇಳಿಯುತ್ತದೆ. ಹಾಗೆ ಇಳಿಯುತ್ತದೆ ಅಂತ ಲೆಕ್ಕ ಹಾಕಿಯೇ ಗ್ಲಾಸಿನ ಕೆಳಗೆ ಸುತ್ತಲೂ ಒಂದು ಕಾಲುವೆ ಕೊಟ್ಟಿದ್ದಾರೆ. ನಮ್ಮ ಕಡೆ ಅಡಿಕೆ ಮರ ಸೀಳಿ, ತಿರುಳು ತೆಗೆದು, ಮಾಡಿನ ಅಂಚಿಗೆ ದಂಬೆ ಕಟ್ಟುತ್ತೇವಲ್ಲ, ಅದೇ. ಈ ದಂಬೆಯ ನಾಲ್ಕು ಮೂಲೆಯಲ್ಲಿ ನಾಲ್ಕು ತೂತು, ತೂತಿಗೊಂದು ಸಪೂರ ಪೈಪು. ಮುಂದಿನ ಎರಡು ಪೈಪು ಮುಂದಿನ ಗ್ಲಾಸಿನ ಪಕ್ಕದ ಕಂಬದೊಳಗೆ ಇಳಿದು ಮುಂಬಾಗಿಲಿನ ಹಿಂಜಿನ ಹತ್ತಿರವೋ ಫೆಂಡರಿನ ಒಳಗೋ ಹೊರಬೀಳುತ್ತವೆ. ಹಿಂದಿನವು ಹಿಂದಿನ ಕಂಬದಲ್ಲಿ ಇಳಿದು ಚಕ್ರದ ಗೂಡಿನ ಒಳಗೋ ಬಂಪರಿನ ಹಿಂದೆಯೋ ಬಾಯಿ ಬಿಡುತ್ತವೆ. ಒಂದೊಂದು ಮಾಡೆಲಿಗೆ ಜಾಗ ಸ್ವಲ್ಪ ಆಚೀಚೆ.

ದಂಬೆಯಲ್ಲಿ ಸೋಗೆಯ ಚೂರು ಸಿಕ್ಕಿಕೊಂಡು ನೀರು ಜಗಲಿಗೆ ಚೆಲ್ಲಿದರೆ ನಾವು ಮಾಡಿಗೆ ಸಿಮೆಂಟು ಬಳಿಯುವುದಿಲ್ಲ. ಏಣಿ ಇಟ್ಟು ಹತ್ತಿ ಕಸ ತೆಗೆಯುತ್ತೇವೆ. ಕಾರಿಗೆ ಬೇಕಾದದ್ದೂ ಅದೇ ಬುದ್ಧಿ.

ಎಷ್ಟು ನೀರಿನ ಮಾತು ಇದು ಅಂತ ನೋಡಿ. ಮನೆಯಲ್ಲಿ ಮಳೆಮಾಪಕ ಇಟ್ಟು ದಿನಾ ಬರೆದಿಡುವ ಕೃಷಿಕರಿಗೆ ಈ ಲೆಕ್ಕ ಹೊಸತಲ್ಲ: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 80 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದದ ಸಾಧಾರಣ ಸನ್‌ರೂಫ್ ಗ್ಲಾಸು 0.4 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಸುರಿದರೆ ಆ ಗ್ಲಾಸಿನ ಮೇಲೇ 20 ಲೀಟರ್ ಬೀಳುತ್ತದೆ. ಪೆನೋರಮಿಕ್, ಅಂದರೆ ಮಾಡಿನ ಹೆಚ್ಚಿನ ಭಾಗ ಗ್ಲಾಸೇ ಇರುವಂಥದ್ದಾದರೆ, ಅದರ ಎರಡು ಮೂರು ಪಾಲು. ಸಾಧಾರಣ ಗ್ಲಾಸಿನ ಆ 20 ಲೀಟರಿನಲ್ಲಿ ನೂರಕ್ಕೆ ಐದು ಪಾಲು ಒಳಗಿಳಿದರೂ ಗಂಟೆಗೆ ಒಂದು ಲೀಟರ್. ದಾರಿ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ದಂಬೆ ತುಂಬಿ ರೂಫ್ ಲೈನಿಂಗಿಗೆ, ಅಂದರೆ ಮಾಡಿನ ಒಳಬದಿಯ ಹೊದಿಕೆಗೆ, ಚೆಲ್ಲುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಕಾಸರಗೋಡಿನಲ್ಲಿ ಈ ನಾಲ್ಕು ಪೈಪನ್ನು ಮರೆಯಲಿಕ್ಕೆ ಆಗುವುದಿಲ್ಲ.

ಈಗ ಸಿಲಿಕಾನ್ ಹಾಕಿದರೆ ಆಗುವುದೇನು? ಗ್ಲಾಸು ಅಂಟಿಕೊಳ್ಳುತ್ತದೆ. ಯಾರೋ ಮರೆತು ಸ್ವಿಚ್ ಒತ್ತಿದರೆ ಮೋಟರಿಗೂ ಅದರ ಕೇಬಲಿಗೂ ಪೆಟ್ಟು. ವಿನೆಗರಿನ ಹಾಗೆ ಹುಳಿ ವಾಸನೆ ಬರುವ ಸಾಮಾನ್ಯ ಸಿಲಿಕಾನ್ ಒಣಗುವಾಗ ಆಮ್ಲ ಬಿಡುತ್ತದೆ, ಪೈಂಟ್ ಹೋದ ಜಾಗದ ತಗಡು ಅದಕ್ಕೆ ತುಕ್ಕು ಹಿಡಿಯುತ್ತದೆ. ಒಂದು ಕಡೆ ಕೂದಲಿನಷ್ಟು ಬಿರುಕು ಬಿಟ್ಟರೂ ನೀರು ಒಳಗೆ ಹೋಗುತ್ತದೆ, ಕೆಳಗೆ ಪೈಪು ಕಸ ತುಂಬಿ ಕಟ್ಟಿಯೇ ಇರುತ್ತದೆ. ಮೊದಲು ಬಂದ ದಾರಿಯಿಂದಲೇ ಮತ್ತೆ ಕಾರಿನೊಳಗೆ. ಮೇಲಾಗಿ ಆ ಅಂಟು ಕೆರೆದು ತೆಗೆಯುವಾಗ ಬೀಡಿಂಗ್ ಹರಿಯುತ್ತದೆ, ಒಳ್ಳೆಯ ಬೀಡಿಂಗಿಗೂ ಹೊಸತು ಹಾಕಬೇಕಾಗುತ್ತದೆ.

ಹಾಗಾದರೆ ಪೈಪು ಕಟ್ಟುವುದು ಯಾವುದರಿಂದ? ನಮ್ಮ ಊರಿನ ಬೇಸಗೆಯಿಂದ. ಮುರಕಲ್ಲಿನ ಕೆಂಪು ಧೂಳು ಮೊದಲನೆಯದು. ಕಲ್ಲು ಕಡಿಯುವ ಪಾದೆ, ಅಗಲ ಆಗುತ್ತಿರುವ ಹೆದ್ದಾರಿ, ಜಾತ್ರೆ ಗದ್ದೆಯ ಪಾರ್ಕಿಂಗ್, ಎಲ್ಲದರ ಧೂಳು ಆರು ತಿಂಗಳು ಆ ದಂಬೆಯಲ್ಲಿ ಕೂರುತ್ತದೆ. ಅದರ ಮೇಲೆ ಮಾವಿನ ಹೂ, ಗೇರು ಹೂ, ರಬ್ಬರ್ ಎಲೆಯ ಪುಡಿ. ಮೊದಲ ಮಳೆ ಬಿದ್ದಾಗ ಎಲ್ಲ ಕಲಸಿ ಜೇಡಿಯಾಗಿ ತೂತಿನ ಬಾಯಿಗೆ ಬರುತ್ತದೆ. ಪೈಪಿನ ಕೆಳತುದಿಯಲ್ಲಿ ಸೀಳು ಬಿಟ್ಟ ಸಣ್ಣ ರಬ್ಬರ್ ಮೂತಿ ಇರುತ್ತದೆ, ಹಲವು ಕಾರಿನಲ್ಲಿ ಕೆಸರು ನಿಲ್ಲುವುದು ಅಲ್ಲೇ. ತಿಂಗಳುಗಟ್ಟಲೆ ಓಡಿಸದ ಕಾರಾದರೆ ಇರುವೆ, ಮಣ್ಣಿನ ಗೂಡು ಕಟ್ಟುವ ಕಣಜ, ಇವೂ ಬಿಡುವುದಿಲ್ಲ. ಊರಿನ ಮನೆಯಲ್ಲಿ ಕಾರಿಟ್ಟು ಗಲ್ಫಿಗೆ ಹೋಗುವವರು ಇದನ್ನು ಗಮನಿಸಬೇಕು.

ಪರೀಕ್ಷೆ ಹೇಗೆ ಅಂತ ಹೇಳುತ್ತೇವೆ. ಮಳೆ ಇಲ್ಲದ ದಿನ, ಸಮತಟ್ಟಾದ, ಒಣಗಿದ ಅಂಗಳ. ಗ್ಲಾಸು ಪೂರ್ತಿ ತೆರೆಯಿರಿ. ಕಣ್ಣಿಗೆ ಕಾಣುವ ಕಸವನ್ನು ಮೊದಲು ಒದ್ದೆ ಬಟ್ಟೆಯಿಂದ ಎತ್ತಿ ತೆಗೆಯಿರಿ, ತೂತಿನ ಕಡೆಗೆ ಗುಡಿಸಬೇಡಿ. ಹಳಿಯ ಮೇಲಿನ ಗ್ರೀಸ್ ಒರೆಸಬೇಡಿ. ಆಮೇಲೆ ಒಂದು ಮೂಲೆಗೆ 200 ಮಿಲಿಲೀಟರ್, ಅಂದರೆ ಒಂದು ಲೋಟ ನೀರು, ಸಪೂರ ಧಾರೆಯಾಗಿ ಅರ್ಧ ನಿಮಿಷ ಹೊಯ್ಯಿರಿ. ಇನ್ನೊಬ್ಬರು ಕೆಳಗೆ ನೋಡುತ್ತಿರಲಿ. ಅದೇ ಬದಿಯ ಚಕ್ರದ ಹತ್ತಿರ ಸ್ವಲ್ಪ ಹೊತ್ತಿನಲ್ಲೇ ಧಾರೆ ಕಟ್ಟಿ ಬಿದ್ದರೆ ಆ ಪೈಪು ಸರಿ ಉಂಟು. ತೊಟ್ಟಿಕ್ಕಿದರೆ ಅರ್ಧ ಕಟ್ಟಿದೆ. ದಂಬೆಯಲ್ಲಿ ನೀರು ನಿಂತರೆ ಪೂರ್ತಿ ಕಟ್ಟಿದೆ, ಹೊಯ್ಯುವುದು ನಿಲ್ಲಿಸಿ. ನೀರು ಸಲೀಸಾಗಿ ಇಳಿದು ಕೆಳಗೆ ಮಾತ್ರ ಏನೂ ಬರದಿದ್ದರೆ? ಅದು ದೊಡ್ಡ ತೊಂದರೆ. ಪೈಪು ಕಳಚಿದೆ ಅಥವಾ ತೂತಾಗಿದೆ, ಆ ನೀರು ಈಗ ಕಾರ್ಪೆಟಿನಲ್ಲಿ ಉಂಟು. ಒಂದು ಮೂಲೆ ಮುಗಿದ ಮೇಲೆ ಇನ್ನೊಂದು. ಹೋಸ್ ಪೈಪು ಹಿಡಿದು ಒಟ್ಟಿಗೆ ಬಿಟ್ಟರೆ ಯಾವುದು ಕಟ್ಟಿದೆ ಅಂತ ಗೊತ್ತಾಗುವುದೇ ಇಲ್ಲ.

ಬಿಡಿಸಲಿಕ್ಕೆ ಬೇಕಾದ ಉತ್ತಮ ಸಾಧನ ತೋಟದ ಕೊಟ್ಟಿಗೆಯಲ್ಲೇ ಇರುತ್ತದೆ: ಹುಲ್ಲು ಕೊಚ್ಚುವ ಮೆಷಿನಿನ ನೈಲಾನ್ ವಯರು. 2 ಮಿಲಿಮೀಟರ್ ಆಸುಪಾಸು ದಪ್ಪದ, ದುಂಡಗಿನದ್ದೇ ಆಗಬೇಕು. ಚೌಕದ್ದು, ನಕ್ಷತ್ರದ ಆಕಾರದ್ದು ಬೇಡ, ಅದರ ಏಣು ಪೈಪನ್ನು ಗೀರುತ್ತದೆ. ಮುಂದಿನ ಪೈಪಿಗೆ ಎರಡು ಮೀಟರ್, ಹಿಂದಿನದಕ್ಕೆ ಮೂರು ಮೀಟರ್ ತುಂಡು ಮಾಡಿ. ಸುರುಳಿ ಬಿಡಿಸಲು ಬಿಸಿ ನೀರಿನಲ್ಲಿ ಅದ್ದಿ ಎಳೆದು ಹಿಡಿದರೆ ನೇರ ಆಗುತ್ತದೆ. ತುದಿಯನ್ನು ಲೈಟರಿನಲ್ಲಿ ಸ್ವಲ್ಪ ಕರಗಿಸಿ ನುಣ್ಣಗೆ, ಸಾಸಿವೆಯಷ್ಟು ಉರುಟು ಮಾಡಿ. ಮೇಲಿನಿಂದ ತಿರುಚುತ್ತಾ ಮೆಲ್ಲ ಬಿಡಿ. ತಡೆ ಸಿಕ್ಕಿದರೆ ಒಂದು ಗೇಣು ಹಿಂದೆಳೆದು ಮತ್ತೆ ಬಿಡಿ, ಗುದ್ದಬೇಡಿ. ಆಮೇಲೆ 60 ಮಿಲಿಲೀಟರಿನ ದೊಡ್ಡ ಸಿರಿಂಜಿನಲ್ಲಿ, ಕಾರು ತೊಳೆಯುವ ಶಾಂಪೂ ಎರಡು ಹನಿ ಬೆರೆಸಿದ ಉಗುರುಬೆಚ್ಚಗಿನ ನೀರು. ಪ್ರತಿ ಪೈಪಿಗೂ ಸ್ವಲ್ಪ ಸ್ವಲ್ಪವಾಗಿ ಒಂದು ಲೀಟರ್ ಹೋಗಲಿ. ಮೊದಲು ಕೆಂಪು ನೀರು ಬರುತ್ತದೆ, ತಿಳಿಯಾಗುವವರೆಗೆ ನಿಲ್ಲಿಸಬೇಡಿ. ಕೆಳಗಿನ ರಬ್ಬರ್ ಮೂತಿ ಕೈಗೆ ಸಿಗುವುದಾದರೆ ಎರಡು ಬೆರಳಿನಲ್ಲಿ ಹಿಸುಕಿ ಕೆಸರು ತೆಗೆಯಿರಿ. ಕೆಲವರು ಅದನ್ನು ಕತ್ತರಿಸಿ ಬಿಸಾಡುತ್ತಾರೆ. ಬೇಡ, ಹುಳಹುಪ್ಪಟೆಗೂ ಧೂಳಿಗೂ ಬಾಗಿಲು ತೆರೆದಿಟ್ಟ ಹಾಗೆ.

ಎರಡು ತಪ್ಪು ಮಾತ್ರ ಮಾಡಲೇಬೇಡಿ. ಒಂದು, ಕಬ್ಬಿಣದ ಸರಿಗೆ ಹಾಕುವುದು. ತಿರುವಿನಲ್ಲಿ ಅದು ಪೈಪನ್ನು ಚುಚ್ಚುತ್ತದೆ. ಇನ್ನೊಂದು, ಟೈರಿನ ಅಂಗಡಿಯ ಕಂಪ್ರೆಸರಿನ ಗಾಳಿ. ಪೈಪಿನ ಮೇಲ್ತುದಿಯನ್ನು ದಂಬೆಯ ಮೂತಿಗೆ ಒತ್ತಿ ಸಿಕ್ಕಿಸಿರುತ್ತಾರೆ ಅಷ್ಟೇ. ನೂರು ಪಿಎಸ್‌ಐ ಗಾಳಿ ಒಮ್ಮೆ ಬಿಟ್ಟರೆ ಕಸ ಹೋಗುತ್ತದೋ ಇಲ್ಲವೋ, ಪೈಪು ಕಳಚುವ ಸಂಭವವೇ ಹೆಚ್ಚು. ಮತ್ತೆ ಸಿಕ್ಕಿಸಲು ರೂಫ್ ಲೈನಿಂಗ್ ಇಳಿಸಬೇಕು. ಹತ್ತು ರೂಪಾಯಿಯ ವಯರಿನಲ್ಲಿ ಮುಗಿಯುವ ಕೆಲಸ ಸಾವಿರಗಟ್ಟಲೆ ಖರ್ಚಿಗೆ ಬಂದು ನಿಲ್ಲುತ್ತದೆ. ಪೈಪು ಇಳಿಯುವ ಕಂಬದ ಪ್ಲಾಸ್ಟಿಕ್ ನೀವೇ ಬಿಚ್ಚಲೂ ಹೋಗಬೇಡಿ, ಪಕ್ಕದ ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಅದರ ಒಳಗೇ ಹಾದುಹೋಗುತ್ತದೆ.

ನಾಲ್ಕೂ ಪೈಪು ಸರಿ ಇದ್ದು ಮತ್ತೂ ಒದ್ದೆ ಆಗುವುದಾದರೆ ಸನ್‌ರೂಫನ್ನು ಬೈಯುವ ಮೊದಲು ಬೇರೆ ಕಡೆ ನೋಡಿ. ಎಡಗಡೆ ಕಾಲಡಿಯಲ್ಲಿ, ಎಸಿ ಹಾಕಿದ ದಿನ ಮಾತ್ರ, ತಣ್ಣಗಿನ ತಿಳಿ ನೀರು ಕಂಡರೆ ಅದು ಎಸಿಯ ಡ್ರೈನ್, ಅಂದರೆ ನೀರು ಹೊರಹೋಗುವ ಪೈಪು, ಕಟ್ಟಿದ್ದು. ವೈಪರಿನ ಕೆಳಗಿನ ತಗ್ಗಿನಲ್ಲಿ ಹಲಸಿನ ಎಲೆ ತುಂಬಿದರೂ ನೀರು ಒಳಬರುತ್ತದೆ. ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಾಳೆಯ ಅಂಟು ಬಿಟ್ಟಿದ್ದರೆ ಹೊಸ್ತಿಲ ಬದಿ ಒದ್ದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರಿದ್ದರೆ ಹಿಂದಿನ ಪೈಪು, ಟೈಲ್ ಲ್ಯಾಂಪಿನ ಗ್ಯಾಸ್ಕೆಟ್ ಎರಡನ್ನೂ ಪರೀಕ್ಷಿಸಬೇಕು. ಮುಟ್ಟಿದರೆ ಜಿಗುಟಾಗಿ, ಸಿಹಿ ವಾಸನೆ ಬಂದರೆ ಅದು ಮಳೆನೀರೇ ಅಲ್ಲ, ಎಂಜಿನ್ ತಣಿಸಲು ಹಾಕುವ ಕೂಲೆಂಟ್ ಹೀಟರಿನಿಂದ ಸೋರಿದ್ದು.

ಗ್ಲಾಸಿನ ಎತ್ತರವನ್ನೂ ನೋಡಬೇಕು. ಸಾಮಾನ್ಯವಾಗಿ ಮುಂದಿನ ಅಂಚು ರೂಫಿಗೆ ಸಮ ಅಥವಾ ಒಂದು ಮಿಲಿಮೀಟರ್ ತಗ್ಗು, ಹಿಂದಿನ ಅಂಚು ಸಮ ಅಥವಾ ಒಂದು ಮಿಲಿಮೀಟರ್ ಎತ್ತರ. ಒಂದು ಮೂಲೆ ತಗ್ಗಿ ಕೂತರೆ ಅಲ್ಲಿ ನೀರು ಹೊಂಡ ಕಟ್ಟುತ್ತದೆ. ಬದಿಯ ಸ್ಕ್ರೂ ಸಡಿಲಿಸಿ ಸರಿ ಮಾಡುವ ಕೆಲಸ, ಗೊತ್ತಿದ್ದವರೇ ಮಾಡಲಿ. ರಬ್ಬರಿಗೆ ಸಿಲಿಕಾನ್ ಆಧಾರದ ರಬ್ಬರ್ ಲೂಬ್ರಿಕೆಂಟ್ ಮಾತ್ರ, ಅದೂ ತೆಳ್ಳಗೆ. ಅದು ಅಂಟಲ್ಲ, ಸಿಲಿಕಾನ್ ಟ್ಯೂಬಿನ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಎಂಜಿನ್ ಆಯಿಲ್, ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಆಕಾರ ಕೆಡುತ್ತದೆ.

ಒಮ್ಮೆ ಒಳಗೆ ನೀರು ಬಂದ ಕಾರನ್ನು ಒಣಗಿಸುವುದರಲ್ಲಿ ಜನ ತುಂಬಾ ಉದಾಸೀನ ಮಾಡುತ್ತಾರೆ. ಕಾರ್ಪೆಟಿನ ಮೇಲ್ಭಾಗ ಒಣಗಿದ್ದು ಕಂಡರೆ ಮುಗಿಯಿತು ಅಂತ ಎಣಿಸುತ್ತಾರೆ. ಅದರ ಅಡಿಯಲ್ಲಿ ದಪ್ಪ ಫೋಮ್ ಉಂಟು, ಲೀಟರುಗಟ್ಟಲೆ ನೀರು ಕುಡಿದು ಕೂತಿರುತ್ತದೆ. ಆ ಫೋಮಿನ ಪಕ್ಕದಲ್ಲೇ ವಯರಿನ ಕಟ್ಟುಗಳು, ಸೀಟಿನ ಅಡಿಯಲ್ಲಿ ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗಳು. ತಾಮ್ರಕ್ಕೆ ಮೈಲುತುತ್ತಿನ ಬಣ್ಣದ ಕಿಲುಬು ಹತ್ತಿದ ಮೇಲೆ ಇವತ್ತು ಸೆಂಟ್ರಲ್ ಲಾಕ್, ನಾಳೆ ಏರ್‌ಬ್ಯಾಗ್ ಲೈಟು. ಬೂಷ್ಟಿನ ಗಾಳಿ ಉಸಿರಾಡುವವರು ಹಿಂದಿನ ಸೀಟಿನ ಮಕ್ಕಳು. ಹಾಗಾಗಿ ಮೊಣಕಾಲೂರಿ ಕಾರ್ಪೆಟಿನ ಮೇಲೆ ಕಾಗದ ಇಟ್ಟು ಒತ್ತಿ ನೋಡಿ. ಕಾಗದ ಒದ್ದೆಯಾದರೆ ಹೊಸ್ತಿಲ ಪಟ್ಟಿ ತೆಗೆದು, ಕಾರ್ಪೆಟ್ ಎತ್ತಿ, ಅಡಿಗೆ ಮರದ ತುಂಡು ಇಟ್ಟು ಎರಡು ದಿನ ಟೇಬಲ್ ಫ್ಯಾನ್ ಬಿಡಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಿಸಿಲೆಲ್ಲಿ ಅಂತ ಕೇಳಿದರೆ, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು ಇದ್ದವರು ಬಿಚ್ಚಿದ ಮ್ಯಾಟು, ಡಿಕ್ಕಿಯ ಹಾಳೆಗಳನ್ನು ಅಲ್ಲಿ ಹರಡಬಹುದು.

ಇನ್ನು ಸರ್ವಿಸ್ ಸೆಂಟರುಗಳ ಮಾತು. ಮಳೆಗಾಲದ ತಪಾಸಣೆ ಅಂತ ಬ್ಯಾನರ್ ಕಟ್ಟುತ್ತಾರೆ, ವೈಪರ್, ಬ್ರೇಕ್, ಟೈರ್ ನೋಡುತ್ತಾರೆ. ಸನ್‌ರೂಫಿನ ಡ್ರೈನ್, ಅಂದರೆ ಈ ನಾಲ್ಕು ಪೈಪು, ಆ ಪಟ್ಟಿಯಲ್ಲಿ ಇರಲೇಬೇಕು ಅಂತ ನಮ್ಮ ಅಭಿಪ್ರಾಯ. ಕಾರು ಮಾರುವಾಗ ಗ್ಲಾಸು ತೆರೆದು ಆಕಾಶ ತೋರಿಸಿದವರಿಗೆ ನಾಲ್ಕು ಲೋಟ ನೀರು ಹೊಯ್ದು ನೋಡುವುದು ಭಾರವಲ್ಲ. ಪೈಪು ಕಟ್ಟಿ ಒಳಗೆ ಹಾಳಾದರೆ ನಿರ್ವಹಣೆಯ ಲೋಪ ಅಂತ ವಾರಂಟಿ ಕೈಬಿಡುವ ಸಂಭವವೇ ಹೆಚ್ಚು. ಆದ್ದರಿಂದ ಬಾಯಿಮಾತಿಗೆ ಬಿಡಬೇಡಿ. ಕಾರು ಸರ್ವಿಸಿಗೆ ಕೊಡುವಾಗ ಬರೆಯುವ ಜಾಬ್ ಕಾರ್ಡಿನಲ್ಲಿ "ಸನ್‌ರೂಫಿನ ನಾಲ್ಕೂ ಡ್ರೈನಿಗೆ ನೀರು ಹಾಕಿ ಪರೀಕ್ಷಿಸಬೇಕು" ಅಂತ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಮುಂದೆ ತಕರಾರು ಬಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವಾಗಲೂ ಆ ಕಾಗದವೇ ಆಧಾರ.

ಯಾವಾಗ ಮಾಡಬೇಕು ಅಂದರೆ, ಪತ್ತನಾಜೆಯ ಒಳಗೆ ಒಮ್ಮೆ. ತೋಟದ ಕಣಿ ಬಿಡಿಸುವ ಹೊತ್ತಿಗೇ ಇದೂ ಆಗಲಿ. ಮರದಡಿ ನಿಲ್ಲುವ ಕಾರಾದರೆ ಆಟಿಯಲ್ಲಿ ಮಳೆ ಬಿಟ್ಟ ದಿನ ಇನ್ನೊಮ್ಮೆ. ನಮ್ಮ ಗುಡ್ಡದ ಅಂಗಳಗಳಲ್ಲಿ ಮೂತಿ ತಗ್ಗಿಸಿ ನಿಲ್ಲಿಸಿದ ಕಾರಿನ ನೀರೆಲ್ಲ ಮುಂದಿನ ಎರಡೇ ಪೈಪಿಗೆ ಬರುತ್ತದೆ. ಹಾಗೆ ನಿಲ್ಲಿಸುವವರು ಮುಂದಿನ ಎರಡನ್ನು ತಿಂಗಳಿಗೊಮ್ಮೆ ನೋಡಿ.

ಹಳೆ ಕಾರು ಕೊಳ್ಳಲು ಹೋಗುವವರಿಗೂ ಒಂದು ಮಾತು. ಸನ್‌ರೂಫ್ ಗ್ಲಾಸಿನ ಅಂಚಿನಲ್ಲಿ ಬೆರಳಾಡಿಸಿ. ಒಣಗಿದ ಸಿಲಿಕಾನಿನ ಎಳೆ ಸಿಕ್ಕಿದರೆ ಸೀಟಿನ ಬೋಲ್ಟಿಗೆ ತುಕ್ಕು ಉಂಟಾ, ಸ್ಟೆಪ್ನಿಯ ಗುಂಡಿಯಲ್ಲಿ ಕೆಂಪು ಗೆರೆ ಉಂಟಾ ನೋಡಿ. ರೇಟಿನ ಮಾತು ಎತ್ತುವ ಮೊದಲು ಒಂದು ಲೋಟ, ಒಂದು ಬಾಟಲಿ ನೀರು ಕೇಳಿ ತೆಗೆದುಕೊಳ್ಳಿ.