ಪಂಚಾಯ್ತಿಗೆ ನಿಲ್ಲುವವರು ಏನು ಹೇಳಿ ಓಟು ಕೇಳಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ಗ್ರಾಮ ಪಂಚಾಯ್ತಿ ಚುನಾವಣೆ ಅಂದ ತಕ್ಷಣ ಊರಿನ ಅರಳಿಕಟ್ಟೆ ಮೇಲೆ ಒಂದೇ ಮಾತು. ಈ ಸಲ ನಮ್ಮ ಕಡೆಯಿಂದ ಯಾರು? ಮೀಸಲಾತಿ ಪಟ್ಟಿ ಬಂದ ದಿನವೇ ಲೆಕ್ಕಾಚಾರ ಶುರುವಾಗುತ್ತದೆ. ಯಾವ ಮನೆತನ, ಯಾವ ಜಾತಿ, ಖರ್ಚು ಮಾಡುವ ತಾಕತ್ತು ಯಾರಿಗಿದೆ. ಇಷ್ಟೆಲ್ಲ ಕೇಳುವವರು, ಗೆದ್ದ ಮೇಲೆ ಏನು ಮಾಡ್ತೀಯಪ್ಪ ಅಂತ ಮಾತ್ರ ಕೇಳುವುದಿಲ್ಲ.

ನಾನು ಒಂದು ಅವಧಿಗೆ ಪಂಚಾಯ್ತಿ ಸದಸ್ಯೆಯಾಗಿದ್ದವಳು. ಇವತ್ತು ಯಾರ ಪರವಾಗಿಯೂ ಓಟು ಕೇಳಲು ಬಂದಿಲ್ಲ. ನಿಲ್ಲಬೇಕು ಅಂತ ಮನಸ್ಸಿದ್ದೂ ಹಿಂದೆಮುಂದೆ ನೋಡುತ್ತಿರುವವರು ಪ್ರತಿ ಊರಿನಲ್ಲೂ ಇದ್ದಾರೆ. ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹೆಣ್ಣುಮಗಳು, ನಿವೃತ್ತಿಯಾಗಿ ಊರಿಗೆ ಬಂದ ಮೇಷ್ಟ್ರು, ಡೇರಿಗೆ ಹಾಲು ಹಾಕುತ್ತಾ ಡಿಗ್ರಿ ಮುಗಿಸಿದ ಹುಡುಗ. "ರಾಜಕೀಯ ನಮ್ಮಂಥವರಿಗಲ್ಲ" ಅಂತ ಇವರು ದೂರ ನಿಲ್ಲುತ್ತಾರೆ. ಇವರ ಹತ್ತಿರವೇ ನನಗೆ ಮಾತಾಡಬೇಕಿರುವುದು.

ಮೊದಲು ಒಂದು ವಿಷಯ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚುನಾವಣೆ ಅಲ್ಲ. ಬ್ಯಾಲೆಟ್ ಪೇಪರಿನಲ್ಲಿ ಯಾವ ಪಕ್ಷದ ಗುರುತೂ ಇರುವುದಿಲ್ಲ. ಪಕ್ಷದವರು ಹಿಂದಿನಿಂದ ಬೆಂಬಲ ಕೊಡುತ್ತಾರೆ, ಅದು ಎಲ್ಲರಿಗೂ ಗೊತ್ತು. ಅದಕ್ಕೆ ಕಾರಣವೂ ಇದೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಾನ ಸ್ಥಳೀಯ ಸಂಸ್ಥೆಗಳಿಂದ ಆಯ್ಕೆಯಾಗುತ್ತವೆ. ಅಲ್ಲಿ ಓಟು ಹಾಕುವವರಲ್ಲಿ ಗ್ರಾಮ ಪಂಚಾಯ್ತಿ ಸದಸ್ಯರೇ ಜಾಸ್ತಿ. ಆದರೂ ಕಾನೂನಿನ ಪ್ರಕಾರ ನೀವು ಯಾರ ಟಿಕೆಟ್ಟಿಗೂ ಕಾಯಬೇಕಿಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅಂದರೆ ನಿಮ್ಮ ಮತದಾರರ ಮನೆಗಳನ್ನೆಲ್ಲ ಒಂದು ಭಾನುವಾರ ನಡೆದುಕೊಂಡೇ ಮುಗಿಸಬಹುದು. ಎಂಎಲ್ಎ ಆಗುವವರಿಗೆ ಈ ಭಾಗ್ಯ ಎಲ್ಲಿದೆ ಹೇಳಿ?

ಈ ವ್ಯವಸ್ಥೆ ಸುಮ್ನೆ ಬಂದದ್ದಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದರು. ಬರಗಾಲದಲ್ಲಿ ಊರೂರಿಗೆ ಬೋರ್‌ವೆಲ್ ಕೊರೆಸಿದರು ಅಂತ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. ಆದರೆ ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಬೋರ್‌ವೆಲ್ ಅಲ್ಲ, 1983ರ ಪಂಚಾಯತ್ ಕಾಯ್ದೆ. ಅದರ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯ್ತಿಗೂ ಚುನಾವಣೆ ನಡೆಯಿತು. ಜಿಲ್ಲೆಯ ಅಧಿಕಾರಿಗಳು ಆರಿಸಿಬಂದ ಜನರ ಕೈಕೆಳಗೆ ಕೆಲಸ ಮಾಡಬೇಕಾಯಿತು. ಹೆಂಗಸರಿಗೆ ಕಾಲು ಭಾಗ ಮೀಸಲಾತಿ ಸಿಕ್ಕಿದ್ದೂ ಆಗಲೇ. ಇಡೀ ದೇಶದಲ್ಲಿ ಪಂಚಾಯ್ತಿಗಳನ್ನು ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅಷ್ಟು ಮುಂಚೆಯೇ ನಮ್ಮಲ್ಲಿ ಇದನ್ನು ಮಾಡಿ ತೋರಿಸಿದ್ದರು. ಈಗ ನಮ್ಮ ರಾಜ್ಯದಲ್ಲಿ ಹೆಂಗಸರ ಪಾಲು ಅರ್ಧಕ್ಕೆ ಏರಿದೆ.

ಇನ್ನೊಂದು ಕಡೆ ನೋಡಿ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ಆಯಿತು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಚುನಾವಣೆ ನಡೆಯಲೇ ಇಲ್ಲ. ಆರಿಸಿಬಂದವರ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕೂತರು. ಅವರಲ್ಲಿ ಒಳ್ಳೆಯವರೂ ಇರಬಹುದು, ಅದು ಬೇರೆ ಮಾತು. ಆದರೆ ರಸ್ತೆ ಕಿತ್ತುಹೋಗಿದೆ ಅಂತ ಅವರ ಮನೆ ಬಾಗಿಲಿಗೆ ಹೋಗಿ ಕೇಳೋಕೆ ಆಗುತ್ತಾ? ಗ್ರಾಮ ಪಂಚಾಯ್ತಿ ಸದಸ್ಯ ಮಾತ್ರ ಬೆಳಿಗ್ಗೆ ಹಾಲಿಗೆ ಹೋದಾಗಲೂ ಸಿಗುತ್ತಾನೆ, ಸಂಜೆ ಅಂಗಡಿ ಮುಂದೆಯೂ ಸಿಗುತ್ತಾನೆ. ಹಾಗಾಗಿ ಆ ಒಂದು ಸ್ಥಾನಕ್ಕೆ ಯಾರು ಬರುತ್ತಾರೆ ಅನ್ನುವುದು ತುಂಬ ದೊಡ್ಡ ವಿಷಯ.

ಸರಿ, ನಿಂತರೆ ಜನರಿಗೆ ಏನು ಹೇಳಬೇಕು?

ಎಲ್ಲರೂ ಹೇಳುವುದು ಒಂದೇ. ಮನೆ ಕೊಡಿಸ್ತೀನಿ, ಸೈಟು ಕೊಡಿಸ್ತೀನಿ, ಪಿಂಚಣಿ ಮಾಡಿಸ್ತೀನಿ. ದಯವಿಟ್ಟು ಇದನ್ನು ಹೇಳಬೇಡಿ. ಎಷ್ಟು ಮನೆ ಅನ್ನುವುದು ಮೇಲಿನಿಂದ ಬರುವ ಗುರಿ. ಯಾರಿಗೆ ಅನ್ನುವುದು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ತೀರ್ಮಾನ ಆಗಬೇಕಾದದ್ದು. ಪಿಂಚಣಿ ಮಂಜೂರಾಗುವುದು ಕಂದಾಯ ಇಲಾಖೆಯಲ್ಲಿ. ನಿಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಮಾತು ಕೊಟ್ಟರೆ, ಗೆದ್ದ ಮಾರನೇ ದಿನದಿಂದ ನೀವು ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ಓಡಾಡುವ ದಲ್ಲಾಳಿ ಆಗುತ್ತೀರಿ. ಹಾಗೆ ಆಗಿಹೋದ ಒಳ್ಳೆಯವರನ್ನು ನಾನು ನೋಡಿದ್ದೇನೆ.

ನೀವು ಹೇಳಬೇಕಾದದ್ದು, ನಿಮ್ಮ ಕೈಯಲ್ಲಿ ನಿಜವಾಗಿ ಇರುವುದನ್ನು. ಅದೇನೂ ಕಮ್ಮಿ ಇಲ್ಲ. ಕುಡಿಯುವ ನೀರು, ಬೀದಿದೀಪ, ಚರಂಡಿ, ಕಸ, ಊರೊಳಗಿನ ರಸ್ತೆ, ಮನೆ ಕಂದಾಯ, ಲೈಬ್ರರಿ.

ನೀರಿನ ಮಾತು ಹೇಳುತ್ತೇನೆ. ನಮ್ಮ ವಾರ್ಡಿನಲ್ಲಿ ಊರಿನ ಕೊನೆಯ ಸಾಲಿನ ಮನೆಗಳಿಗೆ ನೀರು ಸರಿಯಾಗಿ ಬರುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಇನ್ನೊಂದು ಬೋರ್ ಕೊರೆಸಿ ಅನ್ನುವ ಮಾತೇ. ಒಂದು ದಿನ ಬೆಳಿಗ್ಗೆ ಆರು ಗಂಟೆಗೆ ವಾಟರ್‌ಮ್ಯಾನ್ ಜೊತೆಯಲ್ಲೇ ಹೋದೆ. ಟ್ಯಾಂಕಿನಿಂದ ಹೊರಟ ಪೈಪು ಮೊದಲು ತಗ್ಗಿನ ಬೀದಿಗೆ ಹೋಗುತ್ತದೆ. ಅಲ್ಲಿಂದ ದಿಬ್ಬ ಹತ್ತಿ ಕೊನೆಯ ಸಾಲಿಗೆ. ತಗ್ಗಿನ ಬೀದಿಯಲ್ಲಿ ಮನೆಮನೆಗೂ ಸಂಪು. ನಲ್ಲಿಗೆ ನೇರವಾಗಿ ಮೋಟರ್ ಹಾಕಿ ಎಳೆಯುತ್ತಿದ್ದರು. ನೀರು ದಿಬ್ಬ ಹತ್ತುವುದಾದರೂ ಹೇಗೆ? ಎರಡು ಬೀದಿ ಸೇರುವ ಕಡೆ ಒಂದು ಗೇಟ್‌ವಾಲ್ವ್ ಇತ್ತು, ಮಣ್ಣಿನಲ್ಲಿ ಹೂತುಹೋಗಿತ್ತು. ವಾಟರ್‌ಮ್ಯಾನ್ ಅದನ್ನು ತಿರುಗಿಸಿ ವರ್ಷಗಳೇ ಆಗಿದ್ದವು. ತಿರುಗಿಸಿದರೆ ತಗ್ಗಿನ ಬೀದಿಯವರು ಜಗಳಕ್ಕೆ ಬರುತ್ತಾರೆ ಅಂತ ಅವನಿಗೆ ಭಯ. "ಅಕ್ಕಾ, ಸಭೆಯಲ್ಲಿ ತೀರ್ಮಾನ ಮಾಡಿ ಬರೆದುಕೊಡಿ, ನಾನು ತಿರುಗಿಸ್ತೀನಿ" ಅಂದ.

ವಾಲ್ವ್ ಅಗೆದು ತೆಗೆದು ರಿಪೇರಿ ಮಾಡಿಸಿದೆವು. ಮೇಲಿನ ಸಾಲಿಗೆ ಮೊದಲು, ತಗ್ಗಿನ ಬೀದಿಗೆ ಆಮೇಲೆ ಅಂತ ಸಭೆಯಲ್ಲಿ ನಿರ್ಣಯ ಮಾಡಿ, ನಡಾವಳಿಯಲ್ಲಿ ಬರೆಸಿ, ಅದರ ನಕಲನ್ನು ಅವನ ಕೈಗೆ ಕೊಟ್ಟೆವು. ಜಗಳ ಆಗಲಿಲ್ಲ ಅಂತಲ್ಲ, ಆಯಿತು. ಆದರೆ ಅವನ ಜೇಬಿನಲ್ಲಿ ಪಂಚಾಯ್ತಿಯ ಕಾಗದ ಇತ್ತು. ಹೊಸ ಬೋರ್‌ವೆಲ್ಲಿಗೆ ಹೋಗಬೇಕಿದ್ದ ದುಡ್ಡಿನ ಮುಂದೆ ಆ ರಿಪೇರಿ ಖರ್ಚು ಲೆಕ್ಕಕ್ಕೇ ಇಲ್ಲ. ಈ ಕೆಲಸಕ್ಕೆ ದೊಡ್ಡ ಓದು ಬೇಕಿರಲಿಲ್ಲ, ಮಂತ್ರಿಯ ಪರಿಚಯ ಬೇಕಿರಲಿಲ್ಲ. ಬೆಳಿಗ್ಗೆ ಎದ್ದು ಪೈಪಿನ ದಾರಿ ಹಿಡಿದು ನಡೆಯುವವರು ಒಬ್ಬರು ಬೇಕಿತ್ತು. ಈಗ ಜಲಜೀವನ್ ಮಿಷನ್ನಿನಲ್ಲಿ ಮನೆಮನೆಗೆ ನಲ್ಲಿ ಬಂದಿದೆ ಅಂತೀರಿ. ನಲ್ಲಿ ಬಂದ ಊರಿಗೆ ಇಂಥ ಸದಸ್ಯರು ಇನ್ನೂ ಜಾಸ್ತಿ ಬೇಕು. ಯಾಕೆಂದರೆ ಅದನ್ನು ನಡೆಸಿಕೊಂಡು ಹೋಗುವುದು ಕಂಟ್ರಾಕ್ಟರ್ ಅಲ್ಲ, ಪಂಚಾಯ್ತಿ.

ಈಗ ಆ ನಡಾವಳಿ ಪುಸ್ತಕದ ಮಾತು. ಸದಸ್ಯರಾಗುವವರು ಇದನ್ನು ಗಮನವಿಟ್ಟು ಕೇಳಬೇಕು. ಸಭೆಗೆ ಹೋದ ಕೂಡಲೇ ಹಾಜರಾತಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಕಾಫಿ, ಬಿಸ್ಕತ್ತು ಬರುತ್ತದೆ. ಚರ್ಚೆ ಅರ್ಧಕ್ಕೆ ಬರುವಷ್ಟರಲ್ಲಿ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ನಿರ್ಣಯಗಳನ್ನು ಆಮೇಲೆ ಬರೆಯುತ್ತಾರೆ. ಎಷ್ಟೋ ಪಂಚಾಯ್ತಿಗಳಲ್ಲಿ ಗೊತ್ತಿಲ್ಲದೆ ಒಪ್ಪಿಗೆಯಾದ ಬಿಲ್ಲುಗಳ ಮೂಲ ಇದೇ. ಸಭೆ ಮುಗಿಯುವ ಮುಂಚೆ "ಇವತ್ತು ಬರೆದದ್ದನ್ನು ಓದಿ ಹೇಳಿ ಸಾರ್" ಅಂತ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯನ್ನು, ಅಂದರೆ ಪಿಡಿಒ ಅವರನ್ನು ಕೇಳುವ ಒಬ್ಬ ಸದಸ್ಯ ಇದ್ದರೆ ಸಾಕು, ಇಡೀ ಸಭೆಯ ರೀತಿಯೇ ಬದಲಾಗುತ್ತದೆ. ಮೊದಲೆರಡು ಸಲ ಬೇಜಾರು ಮಾಡಿಕೊಳ್ಳುತ್ತಾರೆ. ಆಮೇಲೆ ನೀವು ಕೇಳುವ ಮುಂಚೆಯೇ ಓದುತ್ತಾರೆ. ಅದಕ್ಕೇ ಹೇಳುವುದು, ಓಟು ಕೇಳುವಾಗ ಧೈರ್ಯವಾಗಿ ಹೇಳಿ: "ನಾನು ಸಭೆ ಮುಗಿಯುವ ತನಕ ಕೂರುತ್ತೇನೆ. ಬರೆದದ್ದನ್ನು ಓದಿಸಿಯೇ ಸಹಿ ಹಾಕುತ್ತೇನೆ. ನಮ್ಮ ವಾರ್ಡಿನ ವಿಷಯ ಏನು ತೀರ್ಮಾನವಾಯಿತು ಅಂತ ಬಂದು ಹೇಳುತ್ತೇನೆ." ಇದಕ್ಕಿಂತ ದೊಡ್ಡ ಭರವಸೆ ಪಂಚಾಯ್ತಿ ಮಟ್ಟದಲ್ಲಿ ಇಲ್ಲ ಅನ್ನುವುದು ನನ್ನ ನಂಬಿಕೆ.

ದುಡ್ಡಿನ ಮಾತು ಕಷ್ಟದ್ದು, ಆದರೂ ಆಡಲೇಬೇಕು. ಕೇಂದ್ರದ 15ನೇ ಹಣಕಾಸು ಆಯೋಗದ ಹಣ ಪಂಚಾಯ್ತಿಗೆ ನೇರವಾಗಿ ಬಂತು. ಆದರೆ 2021-22ರಿಂದ ಅದರಲ್ಲಿ ಶೇಕಡ 60ರಷ್ಟನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮಾತ್ರ ಖರ್ಚು ಮಾಡಬೇಕು ಅಂತ ಕಟ್ಟುಪಾಡಿತ್ತು. ಪಂಚಾಯ್ತಿಯ ಸ್ವಂತ ದುಡ್ಡು ಅಂದರೆ ಮನೆ ಕಂದಾಯ, ನೀರಿನ ತೆರಿಗೆ, ಅಂಗಡಿ ಬಾಡಿಗೆ, ಲೈಸೆನ್ಸ್ ಶುಲ್ಕ. ಲೈಬ್ರರಿ ಸೆಸ್ಸಿನಂಥ ಕೆಲವು ಸೆಸ್ ಬಿಟ್ಟರೆ ಇದು ಊರಲ್ಲೇ ಉಳಿಯುವ ಹಣ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ಸಾವಿರ ಮನೆ ಇವೆ, ಮನೆಗೆ ವರ್ಷಕ್ಕೆ 500 ರೂಪಾಯಿ ಕಂದಾಯ. ಐದು ಲಕ್ಷ ಆಯಿತು. ಅರ್ಧ ಜನ ಕಟ್ಟದಿದ್ದರೆ ಎರಡೂವರೆ ಲಕ್ಷ ಹೋಯಿತು. ಬೀದಿದೀಪದ ಬಲ್ಬು, ಮೋಟರ್ ರಿವೈಂಡಿಂಗ್, ವಾಟರ್‌ಮ್ಯಾನ್ ಸಂಬಳ, ಕರೆಂಟ್ ಬಿಲ್ ಇವೆಲ್ಲ ತಡವಾಗುವುದು ಇಲ್ಲೇ. ಓಟಿನ ಆಸೆಗೆ "ಕಂದಾಯ ಕಟ್ಟಬೇಡಿ, ನಾನು ನೋಡ್ಕೋತೀನಿ" ಅನ್ನುವ ಅಭ್ಯರ್ಥಿಗಳಿದ್ದಾರೆ. ನನಗೆ ಸಿಟ್ಟು ಬರುವುದು ಇಂಥವರ ಮೇಲೆ. ನೀವು ಉಲ್ಟಾ ಹೇಳಿ. ಕಂದಾಯ ಕಟ್ಟಿ, ಯಾವುದಕ್ಕೆ ಖರ್ಚಾಯಿತು ಅಂತ ಲೆಕ್ಕ ನಾನು ಕೊಡ್ತೀನಿ ಅನ್ನಿ. ವರ್ಷಕ್ಕೊಮ್ಮೆ ಜಮಾಬಂದಿ ಅಂತ ನಡೆಯುತ್ತದಲ್ಲ, ಆಗ ಖರ್ಚಿನ ಪುಸ್ತಕಗಳನ್ನೂ ಆದ ಕೆಲಸಗಳನ್ನೂ ಜನರ ಎದುರಿಗೇ ತಾಳೆ ನೋಡುತ್ತಾರೆ. ಆ ದಿನ ನಿಮ್ಮ ವಾರ್ಡಿನವರನ್ನು ಕರೆದುಕೊಂಡು ಹೋಗಿ. ಹೊಸ ಚರಂಡಿ ಎಷ್ಟು ಮೀಟರ್ ಅಂತ ಪುಸ್ತಕದಲ್ಲಿದೆ, ನೆಲದ ಮೇಲೆ ಎಷ್ಟಿದೆ, ಟೇಪು ಹಿಡಿದು ಅಳೆದರೆ ಗೊತ್ತಾಗುತ್ತದೆ. ಪಂಚಾಯ್ತಿ ಕೆಲಸದ ಗುತ್ತಿಗೆಯನ್ನು ಸದಸ್ಯರು ತಾವೇ ಹಿಡಿಯುವಂತಿಲ್ಲ ಅನ್ನುವುದೂ ನೆನಪಿರಲಿ. ಇನ್ನೊಬ್ಬರ ಹೆಸರಿನಲ್ಲಿ ಹಿಡಿಯುವವರು ಇದ್ದಾರೆ. ಹೊರಗಿನವರಿಗೆ ತಿಳಿಯದಿದ್ದರೂ ಊರಿಗೆ ಗೊತ್ತಿರುತ್ತದೆ.

ಇನ್ನು ಹೆಣ್ಣುಮಕ್ಕಳಿಗೆ ಒಂದು ಮಾತು. ಅರ್ಧ ಸ್ಥಾನ ನಮ್ಮದು. ಆದರೂ "ಅಧ್ಯಕ್ಷರು ಬಂದರು" ಅಂದರೆ ಎಷ್ಟೋ ಕಡೆ ಒಳಗೆ ಬರುವುದು ಅಧ್ಯಕ್ಷರ ಗಂಡ. ಸಭೆಯಲ್ಲಿ ಗಂಡನಿಗಾಗಲಿ ಮಗನಿಗಾಗಲಿ ಕೂರುವ ಹಕ್ಕಿಲ್ಲ. ಇದನ್ನು ಮನೆಯಲ್ಲಿ ನಾಮಪತ್ರ ಹಾಕುವ ಮುಂಚೆಯೇ ಮಾತಾಡಿ ಮುಗಿಸಿಕೊಳ್ಳಿ. ಗೆದ್ದ ಮೇಲೆ ಹೇಳಿದರೆ ಜಗಳ, ಮೊದಲೇ ಹೇಳಿದರೆ ಒಪ್ಪಂದ. ಕಾನೂನು ಗೊತ್ತಿಲ್ಲ, ಸಭೆಯಲ್ಲಿ ಮಾತಾಡೋಕೆ ಬರಲ್ಲ ಅನ್ನುವ ಅಂಜಿಕೆ ಬೇಡ. ಆಯ್ಕೆಯಾದವರಿಗೆ ತರಬೇತಿ ಇದೆ. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನಲ್ಲೇ ಇರುವ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ತರಬೇತಿಗೆ ಕರೆದಾಗ ಕಬ್ಬು ಕಡಿಸಬೇಕು, ಮದುವೆ ಇದೆ ಅಂತ ತಪ್ಪಿಸಿಕೊಳ್ಳಬೇಡಿ. ಸ್ತ್ರೀಶಕ್ತಿ ಸಂಘದಲ್ಲಿ ಸಾಲದ ಲೆಕ್ಕ ನಡೆಸಿದವರಿಗೆ ಪಂಚಾಯ್ತಿ ಲೆಕ್ಕ ಕಷ್ಟವೇ ಅಲ್ಲ.

2020ರ ಡಿಸೆಂಬರಿನಲ್ಲಿ ಚುನಾವಣೆ ನಡೆದಾಗ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂತು. ಇಂಥವರ ಮೇಲೆ ಕೇಸು ಹಾಕುತ್ತೇವೆ ಅಂತ ರಾಜ್ಯ ಚುನಾವಣಾ ಆಯೋಗ ಎಚ್ಚರಿಸಬೇಕಾಯಿತು. ಹರಾಜಿನ ಹಣ ದೇವಸ್ಥಾನಕ್ಕೆ ಹೋಗುತ್ತದೆ, ಜಗಳವಿಲ್ಲದೆ ಅವಿರೋಧ ಆಯ್ಕೆ ಆಗುತ್ತದೆ ಅಂತ ಅದಕ್ಕೊಂದು ಸಮರ್ಥನೆ ಬೇರೆ. ದೇವಸ್ಥಾನ ಬೇಕಾದರೆ ಚಂದಾ ಎತ್ತಿ ಕಟ್ಟೋಣ. ಹರಾಜಿನಲ್ಲಿ ಕೊಂಡವನು ಕೊಟ್ಟ ದುಡ್ಡನ್ನು ಎಲ್ಲಿಂದ ವಾಪಸ್ ತೆಗೆಯುತ್ತಾನೆ? ನಮ್ಮ ಚರಂಡಿಯಿಂದ, ನಮ್ಮ ನೀರಿನ ಪೈಪಿನಿಂದ. ಎಲ್ಲರೂ ಕೂತು ಮಾತಾಡಿ, ಇವರೇ ಸರಿ ಅಂತ ಒಬ್ಬರನ್ನು ಒಪ್ಪಿಕೊಳ್ಳುವುದು ಬೇರೆ. ಒಬ್ಬ ಬಡ ಕೂಲಿಯವನು ನಿಲ್ಲುತ್ತೇನೆ ಅಂದಾಗ ಅವನ ಬಾಯಿ ಮುಚ್ಚಿಸುವುದು ಬೇರೆ. ಅಂಥ ಕಡೆ ಒಂದು ನಾಮಪತ್ರ ಬಿದ್ದರೂ ಸಾಕು, ಹರಾಜು ಮುರಿದುಬೀಳುತ್ತದೆ. ಆ ಒಂದು ನಾಮಪತ್ರ ನಿಮ್ಮದಾಗಲಿ ಅನ್ನುವುದೇ ನನ್ನ ಬೇಡಿಕೆ.

ಸೋತರೆ? ಸೋತರೆ ಸೋತಿರಿ. ವಾರ್ಡ್ ಸಭೆಗೂ ಗ್ರಾಮಸಭೆಗೂ ಬರಲು ಸದಸ್ಯರೇ ಆಗಿರಬೇಕಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಆರು ತಿಂಗಳಿಗೊಮ್ಮೆಯಾದರೂ ಅವು ನಡೆಯಲೇಬೇಕು. ನಿಜ ಹೇಳಬೇಕೆಂದರೆ ತಯಾರಿ ಶುರುವಾಗಬೇಕಾದದ್ದೂ ಅಲ್ಲಿಂದಲೇ. ಚುನಾವಣೆ ಘೋಷಣೆಯಾಗುವ ತನಕ ಕಾಯಬೇಡಿ. ವಾರ್ಡ್ ಸಭೆಯ ದಿನ ಯಾವತ್ತು ಅಂತ ಪಂಚಾಯ್ತಿ ಆಫೀಸಿನಲ್ಲಿ ಕೇಳಿ. ಅಕ್ಕಪಕ್ಕದ ಮನೆಯವರನ್ನೂ ಹೊರಡಿಸಿಕೊಂಡು ಹೋಗಿ. ಹೋದ ಸಲದ ನಡಾವಳಿ ಓದಿಸಿ. ಅದರಲ್ಲಿ ಆದದ್ದೆಷ್ಟು, ಆಗದ್ದೆಷ್ಟು ಅಂತ ಗುರುತು ಹಾಕಿಕೊಳ್ಳಿ. ನಿಮ್ಮ ಹೆಸರು ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಸರಿಯಾಗಿದೆಯಾ ನೋಡಿ. 21 ವರ್ಷ ತುಂಬಿರಬೇಕು. ಮೀಸಲು ಸ್ಥಾನವಾದರೆ ಜಾತಿ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನ ನಾಡಕಚೇರಿ ಮುಂದೆ ಸಾಲು ನಿಂತು ನಾಮಪತ್ರದ ಹೊತ್ತು ಮೀರಿಸಿಕೊಂಡವರು ಬಹಳ ಜನ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.